ಪ್ಲಸ್ಸೋ ಮೈನಸ್ಸೋ: ವಿಡಿಯೋ ಕೋಡಿಂಗ್‌ನಲ್ಲಿ ಸೈನ್ ಬಿಟ್ ಉಳಿಸೋದು ಹೇಗೆ?

ತೀರ್ಥಹಳ್ಳಿ_ಟೆಂಟ್

ನಮಸ್ಕಾರ ಎಲ್ರಿಗೂ. ನಮ್ಮ ಹತ್ರ ಯಕ್ಷಗಾನದ ರೆಕಾರ್ಡಿಂಗ್ ರಾಶಿ ಇದೆ, ರಾತ್ರಿಯಿಡೀ ನಡೆದ ಆಟಗಳು, ಒಂದೊಂದು ಫೈಲೂ ಭಾರೀ ದೊಡ್ಡದು, ಅದನ್ನೆಲ್ಲ ಎಕ್ಸ್265 ಅನ್ನೋ ಸಾಫ್ಟ್‌ವೇರ್‌ನಲ್ಲಿ ಎಚ್‌ಇವಿಸಿ (ಎಚ್.265) ಆಗಿ ಎನ್ಕೋಡ್ ಮಾಡಿ ಇಡ್ತಿದೀನಿ. ಶುರು ಆದಾಗ ಟರ್ಮಿನಲ್‌ನಲ್ಲಿ "ಟೂಲ್ಸ್" ಅಂತ ಒಂದು ಸಾಲು ಬರತ್ತಲ್ಲ, ಅದರಲ್ಲಿ "ಸೈನ್‌ಹೈಡ್" ಅಂತ ಒಂದಿದೆ. ಡಾಕ್ಯುಮೆಂಟೇಶನ್ ನೋಡಿದ್ರೆ ಒಂದು ಕೋಎಫಿಶಿಯಂಟ್‌ನ ಸೈನ್ ಬಿಟ್ (ಪ್ಲಸ್ಸೋ ಮೈನಸ್ಸೋ ಹೇಳೋ ಬಿಟ್) ಬಚ್ಚಿಡತ್ತೆ, ಡಿಫಾಲ್ಟ್ ಆನ್ ಅಂತ ಇದೆ, ಅಷ್ಟೇ. ನನಗೆ ಅರ್ಥ ಆಗದೇ ಇರೋದು, ಬಚ್ಚಿಟ್ಟಿದ್ದು ಡಿಕೋಡರ್‌ಗೆ ಎಲ್ಲಿಂದ ಸಿಗತ್ತೆ? ಅಲ್ಟ್ರಾಫಾಸ್ಟ್ ಪ್ರಿಸೆಟ್‌ನಲ್ಲಿ ಅದು ಆಫ್ ಯಾಕೆ? ವೇಷದ ಮುಖವರ್ಣಿಕೆ, ಕಿರೀಟದ ಸಣ್ಣ ಸಣ್ಣ ಕೆಲಸ ಎಲ್ಲ ಇರೋ ವಿಡಿಯೋ ಇದು, ಅದೇನಾದ್ರೂ ಹಾಳಾಗತ್ತಾ ಅನ್ನೋದೇ ನನ್ನ ಚಿಂತೆ.

ಬಿಟ್‌ಲೆಕ್ಕ

ಒಳ್ಳೇ ಪ್ರಶ್ನೆ ಸರ್, ಸ್ವಲ್ಪ ಉದ್ದ ಬರೀತೀನಿ ಯಾಕಂದ್ರೆ ಇದು ನನಗೆ ತುಂಬ ಇಷ್ಟದ ವಿಷಯ.

ಎನ್ಕೋಡರ್ ಮೊದಲು ಬ್ಲಾಕ್ ಅಂದ್ರೆ ಚಿತ್ರದ ಒಂದು ತುಂಡು ಹೀಗಿರಬಹುದು ಅಂತ ಊಹೆ ಮಾಡತ್ತೆ, ಊಹೆಗೂ ನಿಜಕ್ಕೂ ಇರೋ ವ್ಯತ್ಯಾಸ ಅಂದ್ರೆ ರೆಸಿಡ್ಯುಯಲ್‌ನ ಡಿಸಿಟಿ ಥರದ, ಪಿಕ್ಸೆಲ್‌ಗಳನ್ನ ಫ್ರೀಕ್ವೆನ್ಸಿಗಳಾಗಿ ಬಿಡಿಸೋ ಟ್ರಾನ್ಸ್‌ಫಾರ್ಮ್‌ಗೆ ಹಾಕತ್ತೆ, ಬಂದ ಸಂಖ್ಯೆಗಳನ್ನ ಕ್ವಾಂಟೈಸ್ ಮಾಡಿ, ಅಂದ್ರೆ ಒಂದು ಸ್ಟೆಪ್‌ನಿಂದ ಭಾಗಿಸಿ, ಪೂರ್ಣಾಂಕ ಮಾಡ್ಕೊಳ್ಳತ್ತೆ. ಆ ಪೂರ್ಣಾಂಕಗಳೇ ಕೋಎಫಿಶಿಯಂಟ್ ಲೆವೆಲ್‌ಗಳು. ಒಂದೊಂದಕ್ಕೂ ಮೂರು ವಿಷಯ ಹೇಳಬೇಕು: ಸೊನ್ನೆಯೋ ಅಲ್ವೋ, ಎಷ್ಟು ದೊಡ್ಡದು, ಪ್ಲಸ್ಸೋ ಮೈನಸ್ಸೋ. ಮೊದಲನೇ ಎರಡರಲ್ಲಿ ಒಂದು ಪ್ಯಾಟರ್ನ್ ಇರತ್ತೆ, ಪಕ್ಕದ್ದು ಸೊನ್ನೆ ಆದ್ರೆ ಇದೂ ಸೊನ್ನೆ ಆಗೋ ಸಾಧ್ಯತೆ ಜಾಸ್ತಿ, ಮೇಲಿನ ಫ್ರೀಕ್ವೆನ್ಸಿಗೆ ಹೋದ ಹಾಗೆ ಲೆವೆಲ್ ಚಿಕ್ಕದಾಗತ್ತೆ, ಹೀಗೆ. ಕ್ಯಾಬ್ಯಾಕ್ ಅನ್ನೋ ಅರಿತ್ಮೆಟಿಕ್ ಕೋಡರ್ ಈ ಪ್ಯಾಟರ್ನ್ ಕಲಿತು ಒಂದು ಬಿಟ್‌ಗಿಂತ ಕಡಿಮೆ ಖರ್ಚಲ್ಲಿ ಮುಗಿಸತ್ತೆ. ಸೈನ್‌ಗೆ ಮಾತ್ರ ಯಾವ ಪ್ಯಾಟರ್ನೂ ಇಲ್ಲ. ಊಹೆ ಮೇಲಕ್ಕೂ ತಪ್ಪಬಹುದು ಕೆಳಕ್ಕೂ ತಪ್ಪಬಹುದು, ಅರ್ಧಕ್ಕರ್ಧ. ಹಾಗಾಗಿ ಎಚ್‌ಇವಿಸಿಗಿಂತ ಹಿಂದಿನ ಎಚ್.264 ಕಾಲದಿಂದಲೂ ಕ್ಯಾಬ್ಯಾಕ್‌ನಲ್ಲಿ ಸೈನ್‌ನ ಬೈಪಾಸ್‌ನಲ್ಲೇ, ಅಂದ್ರೆ ಸಾಧ್ಯತೆ ಲೆಕ್ಕ ಹಾಕದೇ ನೇರವಾಗಿ, ಕಳಿಸ್ತಾರೆ, ಒಂದು ಸೈನ್‌ಗೆ ಪೂರ್ತಿ ಒಂದು ಬಿಟ್. ಎಚ್‌ಇವಿಸಿ ಸ್ಟ್ರೀಮ್‌ನಲ್ಲಿ ಈ ಸೈನ್‌ಗಳೇ ಹೆಚ್ಚುಕಡಿಮೆ 15–20 ಪರ್ಸೆಂಟ್ ಜಾಗ ತಿನ್ನತ್ತೆ ಅನ್ನೋದು ಆ ಸ್ಟ್ಯಾಂಡರ್ಡ್ ಮಾಡಿದವರು ಕೊಟ್ಟಿರೋ ಲೆಕ್ಕ. ಉಳಿದಿದ್ದನ್ನೆಲ್ಲ ಹಿಂಡಿ ಹಿಂಡಿ ಸಣ್ಣ ಮಾಡಿದ ಮೇಲೆ ಹಿಂಡಕ್ಕೆ ಬರದೇ ಇರೋದು ಎದ್ದು ಕಾಣತ್ತೆ.

2011ರ ನವೆಂಬರ್‌ನಲ್ಲಿ ಜಿನೀವಾದಲ್ಲಿ ನಡೆದ ಜೆಸಿಟಿ-ವಿಸಿ (ಎಚ್‌ಇವಿಸಿ ರೂಪಿಸಿದ ಸಮಿತಿ) ಮೀಟಿಂಗ್‌ಗೆ ಆರೆಂಜ್ ಲ್ಯಾಬ್ಸ್‌ನ ಗಾರ್ಡನ್ ಕ್ಲೇರ್, ಫೆಲಿಕ್ಸ್ ಹೆನ್ರಿ, ಜೋಯೆಲ್ ಜಂಗ್ ಒಂದು ಪ್ರಸ್ತಾಪ ತಂದ್ರು, ಸೈನ್ ಡೇಟಾ ಹೈಡಿಂಗ್. ಕೋಎಫಿಶಿಯಂಟ್‌ಗಳ 4×4ರ ಒಂದು ಗುಂಪಲ್ಲಿ 16 ಜಾಗ ಇರತ್ತೆ. ಸ್ಕ್ಯಾನ್ ಕ್ರಮದಲ್ಲಿ ಸೊನ್ನೆ ಅಲ್ಲದ ಮೊದಲನೇದಕ್ಕೂ ಕೊನೇದಕ್ಕೂ ನಡುವಿನ ದೂರ 3ಕ್ಕಿಂತ ಜಾಸ್ತಿ ಇದ್ರೆ ಆ ಮೊದಲನೇದರ ಸೈನ್ ಕಳಿಸೋದೇ ಇಲ್ಲ. ಡಿಕೋಡರ್ ಏನ್ ಮಾಡತ್ತೆ ಅಂದ್ರೆ ಆ ಗುಂಪಿನ ಲೆವೆಲ್‌ಗಳನ್ನೆಲ್ಲ ಸೈನ್ ಬಿಟ್ಟು ಕೂಡತ್ತೆ, ಮೊತ್ತ ಸಮ ಬಂದ್ರೆ ಪ್ಲಸ್, ಬೆಸ ಬಂದ್ರೆ ಮೈನಸ್. ಮುಗೀತು.

ತೀರ್ಥಹಳ್ಳಿ_ಟೆಂಟ್

ಆದ್ರೆ ಸರ್ ಮೊತ್ತ ಸಮ ಬರೋದೋ ಬೆಸ ಬರೋದೋ ನಮ್ಮ ಕೈಯಲ್ಲಿ ಇಲ್ವಲ್ಲ? ನಿಜವಾದ ಸೈನ್ ಪ್ಲಸ್ ಇದ್ದು ಮೊತ್ತ ಬೆಸ ಬಂದ್ರೆ?

ಬಿಟ್‌ಲೆಕ್ಕ

ಅಲ್ಲೇ ಇರೋದು ಇದರ ಜೀವ. ಅರ್ಧ ಸಲ ತಾನಾಗೇ ಹೊಂದಿಕೊಳ್ಳತ್ತೆ, ಇನ್ನರ್ಧ ಸಲ ಎನ್ಕೋಡರ್ ಯಾವುದೋ ಒಂದು ಲೆವೆಲ್‌ನ ಬೇಕಂತಲೇ 1 ಹೆಚ್ಚೋ ಕಡಿಮೆಯೋ ಮಾಡಿ ಮೊತ್ತ ಬದಲಾಯಿಸತ್ತೆ. ಯಾವುದನ್ನ ಬದಲಾಯಿಸೋದು ಅನ್ನೋದು ಎನ್ಕೋಡರ್‌ಗೆ ಬಿಟ್ಟಿದ್ದು, ಡಿಕೋಡರ್‌ಗೆ ಅದು ಗೊತ್ತಾಗೋ ಅಗತ್ಯವೇ ಇಲ್ಲ.

ಒಂದು ಲೆಕ್ಕ ಹಾಕಿ ತೋರಿಸ್ತೀನಿ. ಒಂದು ಗುಂಪಲ್ಲಿ ಕ್ವಾಂಟೈಸೇಶನ್ ಸ್ಟೆಪ್‌ನಿಂದ ಭಾಗಿಸಿದ ಮೇಲೆ ಮೊದಲ ಐದು ಬೆಲೆ ಹೀಗಿವೆ ಅನ್ಕೊಳ್ಳಿ: 4.9, −2.1, 0.3, 1.45, 0.8, ಆಮೇಲೆಲ್ಲ ಸೊನ್ನೆ. ಹತ್ತಿರದ ಪೂರ್ಣಾಂಕಕ್ಕೆ ತಂದ್ರೆ 5, −2, 0, 1, 1. ಮೊದಲನೇದು 0ನೇ ಜಾಗ ಕೊನೇದು 4ನೇ ಜಾಗ, ದೂರ 4, ಅಂದ್ರೆ ಬಚ್ಚಿಡಬಹುದು. ಸೈನ್ ಬಿಟ್ಟು ಕೂಡಿದ್ರೆ 9, ಬೆಸ, ಡಿಕೋಡರ್ ಮೈನಸ್ 5 ಅನ್ಕೊಳ್ಳತ್ತೆ, ನಮಗೆ ಬೇಕಾಗಿರೋದು ಪ್ಲಸ್ 5. ಈಗ ಏನ್ ಬದಲಾಯಿಸೋಣ? 4.9ನ 4 ಮಾಡಿದ್ರೆ ತಪ್ಪಿನ ವರ್ಗ 0.01ರಿಂದ 0.81ಕ್ಕೆ ಹಾರತ್ತೆ. 0.3ನ 1 ಮಾಡಿದ್ರೆ 0.09ರಿಂದ 0.49. ಆದ್ರೆ 1.45 ನೋಡಿ, ಅದು 1ಕ್ಕೂ 2ಕ್ಕೂ ನಟ್ಟನಡುವೆ ನಿಂತಿದೆ, ಅದನ್ನ 2 ಮಾಡಿದ್ರೆ 0.2025 ಇದ್ದಿದ್ದು 0.3025 ಆಗತ್ತೆ, ಬರೀ 0.1 ಜಾಸ್ತಿ. ಮೊತ್ತ 10, ಸಮ, ಪ್ಲಸ್. ಅಷ್ಟು ಸಣ್ಣ ತಪ್ಪಿಗೆ ಒಂದು ಪೂರ್ತಿ ಬಿಟ್ ಉಳೀತು.

ಹದಿನಾರು ಜಾಗದಲ್ಲಿ ಹೀಗೆ ನಟ್ಟನಡುವೆ ನಿಂತಿರೋದು ಒಂದಾದ್ರೂ ಸಿಕ್ಕೇ ಸಿಗತ್ತೆ ಅನ್ನೋದರ ಮೇಲೆ ಇಡೀ ಉಪಾಯ ನಿಂತಿದೆ. ದೂರದ ಷರತ್ತು ಇಟ್ಟಿರೋದೂ ಅದಕ್ಕೇ, ಒಂದೇ ಒಂದು ಕೋಎಫಿಶಿಯಂಟ್ ಇರೋ ಗುಂಪಲ್ಲಿ ಬಚ್ಚಿಡಕ್ಕೆ ಹೋದ್ರೆ ಲಾಭಕ್ಕಿಂತ ನಷ್ಟ ಜಾಸ್ತಿ.

ಆರನೇಸೆಮ್_ಕಾವ್ಯ

ಸರ್ ಒಂದು ಡೌಟ್. 0.8ನ 0 ಮಾಡಿದ್ರೆ? ತಪ್ಪು 0.04ರಿಂದ 0.64ಕ್ಕೆ ಹೋಗತ್ತೆ ನಿಜ, ಆದ್ರೆ ಒಂದು ಕೋಎಫಿಶಿಯಂಟೇ ಇಲ್ಲದಂಗಾಗಿ ಅದರ ಬಿಟ್‌ಗಳೆಲ್ಲ ಉಳಿಯತ್ತಲ್ವಾ, ಮೊತ್ತನೂ 8 ಆಗಿ ಸಮ ಆಗತ್ತೆ.

ಬಿಟ್‌ಲೆಕ್ಕ

ಸರಿಯಾದ ಜಾಗಕ್ಕೇ ಕೈ ಇಟ್ರಿ ಕಾವ್ಯ. ಅದನ್ನ ಸೊನ್ನೆ ಮಾಡಿದ ತಕ್ಷಣ ಕೊನೇದರ ಜಾಗ 3ಕ್ಕೆ ಬಂತು, ದೂರ 3, ಷರತ್ತೇ ಬಿದ್ದೋಯ್ತು. ಆಗ ಡಿಕೋಡರ್ ಐದರ ಸೈನ್ ಕೂಡ ಬಿಟ್‌ಸ್ಟ್ರೀಮ್‌ನಲ್ಲಿ ಬರತ್ತೆ ಅಂತ ಕಾಯತ್ತೆ. ಕಳಿಸಬಹುದು, ತಪ್ಪೇನಿಲ್ಲ, ಆದ್ರೆ ಅದನ್ನ ಬೇರೆ ಲೆಕ್ಕವಾಗಿ ಹಾಕಬೇಕು. ಎನ್ಕೋಡರ್ ಬರೆಯೋರು ತುದಿಯಲ್ಲಿರೋ ಕೋಎಫಿಶಿಯಂಟ್ ಮುಟ್ಟೋವಾಗ ಇದನ್ನ ನೋಡ್ಕೊಳ್ಳಲೇಬೇಕು. ಇನ್ನೊಂದು ಏನಂದ್ರೆ ನಾನು ಮೇಲೆ ಬರೀ ತಪ್ಪಿನ ಲೆಕ್ಕ ತೋರಿಸಿದೆ, ಒಳ್ಳೇ ಎನ್ಕೋಡರ್‌ಗಳು ತಪ್ಪು ಮತ್ತೆ ಬಿಟ್ ಖರ್ಚು ಎರಡನ್ನೂ ಸೇರಿಸಿ ತೂಗ್ತವೆ, 1ನ 2 ಮಾಡಿದ್ರೆ ಆ 2 ಹೇಳೋದಕ್ಕೂ ಸ್ವಲ್ಪ ಖರ್ಚಿದೆ.

ತೀರ್ಥಹಳ್ಳಿ ಸರ್, ನಿಮ್ಮ ಅಲ್ಟ್ರಾಫಾಸ್ಟ್ ಪ್ರಶ್ನೆಗೆ ಉತ್ತರ ಇದೇ. ಈ ಹುಡುಕಾಟ ಪ್ರತಿ ಗುಂಪಿಗೂ ನಡೀಬೇಕು, ಅದಕ್ಕೆ ಟೈಮ್ ಬೇಕು, ಎಲ್ಲಕ್ಕಿಂತ ವೇಗದ ಪ್ರಿಸೆಟ್ ಅದನ್ನ ಬಿಟ್ಟುಬಿಡತ್ತೆ. ನೀವು ಕಾಪಾಡಿ ಇಡೋ ಫೈಲ್ ಮಾಡ್ತಿರೋದು, ಆನ್ ಇರಲಿ. ಒಂದೇ ಕ್ವಾಲಿಟಿಗೆ 0.8ರಿಂದ 1.4 ಪರ್ಸೆಂಟ್ ತನಕ ಬಿಟ್‌ರೇಟ್ ಉಳಿತಾಯ, ಆರ್‌ಡಿಒಕ್ಯು (ತಪ್ಪು, ಬಿಟ್ ಖರ್ಚು ಎರಡನ್ನೂ ತೂಗಿ ಲೆವೆಲ್ ಆರಿಸೋ ಕ್ವಾಂಟೈಸೇಶನ್) ಕೂಡ ಆನ್ ಇದ್ರೆ ಕಡಿಮೆ ಕಡೆಗೆ ಬರತ್ತೆ ಯಾಕಂದ್ರೆ ಅದೂ ಇದೇ ನಟ್ಟನಡುವಿನ ಬೆಲೆಗಳನ್ನೇ ಆಡಿಸೋದು. ಎಕ್ಸ್265ನಲ್ಲಿ ಮೀಡಿಯಂ ತನಕ ಆರ್‌ಡಿಒಕ್ಯು ಇಲ್ಲ, ಸ್ಲೋದಿಂದ ಮೇಲೆ ಇದೆ.

ಹುಬ್ಬಳ್ಳಿ_ಚಿಪ್

ನಾ ಹಾರ್ಡ್‌ವೇರ್ ಡಿಕೋಡರ್ ಕಡೆಯಿಂದ ಎರಡು ಮಾತು ಹೇಳ್ತೀನ್ರಿ, ಯಾಕಂದ್ರ ಈ ಸೈನ್ ಹೈಡಿಂಗ್ ಎಷ್ಟು ಛಲೋ ಡಿಸೈನ್ ಅದ ಅನ್ನೋದು ಆ ಕಡೆಯಿಂದ ನೋಡಿದ್ರನ ತಿಳೀತದ.

ಷರತ್ತು ನೋಡ್ರಿ, ಬರೇ ಸೊನ್ನೆ ಅಲ್ಲದ್ದು ಎಲ್ಲೆಲ್ಲಿ ಅದಾವ ಅನ್ನೋದರ ಮ್ಯಾಲ ನಿಂತದ, ಲೆವೆಲ್ ಎಷ್ಟು ದೊಡ್ಡದು ಅನ್ನೋದರ ಮ್ಯಾಲ ಅಲ್ಲ. ಎಚ್‌ಇವಿಸಿ ಒಳಗ ಗುಂಪಿಗೆ ಮೊದಲ ಸೊನ್ನೆ ಹೌದೋ ಅಲ್ಲೋ ಅನ್ನೋ ಫ್ಲ್ಯಾಗ್ ಬರ್ತಾವ, ಆಮ್ಯಾಲ 1ಕ್ಕಿಂತ ದೊಡ್ಡದೇನು 2ಕ್ಕಿಂತ ದೊಡ್ಡದೇನು ಅನ್ನೋವು, ಆಮ್ಯಾಲ ಸೈನ್ ಎಲ್ಲಾ ಒಟ್ಟಿಗೆ, ಕೊನೀಗೆ ಉಳಿದ ಲೆವೆಲ್. ಅಂದ್ರ ಸೈನ್ ಓದೂ ಹೊತ್ತಿಗೆ ಎಷ್ಟು ಸೈನ್ ಬಿಟ್ ಓದಬೇಕು ಅನ್ನೋದು ಆಗಲೇ ಗೊತ್ತಿರ್ತದ, ಐದು ಇದ್ರ ಐದು, ಬಚ್ಚಿಟ್ಟಿದ್ರ ನಾಕು. ಸೈನ್ ಎಲ್ಲಾ ಬೈಪಾಸ್ ಆಗಿರೋದರಿಂದ ಒಂದು ಕ್ಲಾಕ್ ಒಳಗ ಹಲವು ಬಿಟ್ ಎಳದು ತಗೋಬಹುದು. ಮೊತ್ತದ್ದು ಕೊನೇ ಬಿಟ್ ಒಂದು ನೋಡಿದ್ರ ಸಾಕು, ನಾಕಾರು ಎಕ್ಸಾರ್ ಗೇಟಿನ ಕೆಲಸ. ಡಿಕೋಡರಿಗೆ ಖರ್ಚು ಇಲ್ಲ ಅಂದ್ರ ನಡೀತದ. ತ್ರಾಸ ಪೂರಾ ಎನ್ಕೋಡರಿಂದು.

ಜೆಪೆಗ್_ಹಳಬ

ಇತಿಹಾಸದ ಒಂದು ತುಣುಕು ಸೇರಿಸ್ತೀನಿ. ಎಂಪೆಗ್-2ರ ಟೇಬಲ್‌ಗಳಲ್ಲಿ ಪ್ರತಿ ರನ್-ಲೆವೆಲ್ (ಎಷ್ಟು ಸೊನ್ನೆ ಆದ್ಮೇಲೆ ಯಾವ ಲೆವೆಲ್) ಕೋಡಿನ ಕೊನೇ ಬಿಟ್ ಸೈನ್‌ದೇ, 0 ಆದ್ರೆ ಪ್ಲಸ್, 1 ಆದ್ರೆ ಮೈನಸ್. ಆಗಿನಿಂದ ಇವತ್ತಿನ ತನಕ ಮನೋಭಾವ ಬದಲಾಗಿಲ್ಲ, "ಅದೊಂದು ಬಿಟ್, ಕೊಟ್ಟು ಮುಗಿಸು" ಅಂತ. ಆದ್ರೆ ಸೈನ್‌ನ ಯಾವತ್ತೂ ಕಂಪ್ರೆಸ್ ಮಾಡಕ್ಕಾಗಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ಜೆಪೆಗ್ 2000ರಲ್ಲಿ ವೇವ್‌ಲೆಟ್ ಕೋಎಫಿಶಿಯಂಟ್‌ಗಳ ಸೈನ್‌ಗೆ ಎಡ-ಬಲ ಮೇಲೆ-ಕೆಳಗೆ ಇರೋವರ ಸೈನ್ ನೋಡಿ ಐದು ಕಾಂಟೆಕ್ಸ್ಟ್‌ನಲ್ಲಿ (ಒಂದೊಂದಕ್ಕೂ ಬೇರೆ ಸಾಧ್ಯತೆಯ ಲೆಕ್ಕ) ಕೋಡ್ ಮಾಡ್ತಾರೆ. ವೇವ್‌ಲೆಟ್‌ನಲ್ಲಿ ಪಕ್ಕದ ಕೋಎಫಿಶಿಯಂಟ್ ಅಂದ್ರೆ ಚಿತ್ರದಲ್ಲೂ ಪಕ್ಕದ ಜಾಗವೇ, ಒಂದು ಅಂಚು ಹಾದು ಹೋದ್ರೆ ಸೈನ್‌ಗಳಲ್ಲೂ ಅದರ ಗುರುತು ಬೀಳತ್ತೆ. ಡಿಸಿಟಿಯಲ್ಲಿ ಪಕ್ಕದ ಕೋಎಫಿಶಿಯಂಟ್ ಅಂದ್ರೆ ಬೇರೆ ಫ್ರೀಕ್ವೆನ್ಸಿ, ಅದೇ ಜಾಗದ್ದು, ಅವೆರಡರ ಸೈನ್‌ಗೆ ಸಂಬಂಧ ಇರಬೇಕಾಗಿಲ್ಲ.

ಹೇಳ್ತಾ ಹೇಳ್ತಾ ನೆನಪಾಯ್ತು, ಡಿಸಿಟಿ ಕೊಟ್ಟ ನಾಸಿರ್ ಅಹ್ಮದ್ ಬೆಂಗಳೂರಲ್ಲಿ ಹುಟ್ಟಿದವರು, ಯುವಿಸಿಇಯಲ್ಲಿ ಓದಿದವರು. ನಟರಾಜನ್ ಮತ್ತೆ ಕೆ.ಆರ್. ರಾವ್ ಜೊತೆ 1974ರಲ್ಲಿ ಪೇಪರ್ ಬಂತು. ಇಲ್ಲಿ ಬರೋ ಇಂಜಿನಿಯರಿಂಗ್ ಮಕ್ಕಳಿಗೆ ಇದು ಗೊತ್ತಿರಲಿ ಅಂತ ಬರೆದೆ.

ಆರನೇಸೆಮ್_ಕಾವ್ಯ

ಯುವಿಸಿಇ ಅಂತ ಗೊತ್ತಿರಲಿಲ್ಲ ಸರ್, ಥ್ಯಾಂಕ್ಸ್! ಅಂದ್ರೆ ಪಿಕ್ಸೆಲ್ ಜಾಗದಲ್ಲೇ ಇರೋ ರೆಸಿಡ್ಯುಯಲ್ ಆದ್ರೆ ಸೈನ್‌ಗೆ ಪ್ಯಾಟರ್ನ್ ಸಿಗಬೇಕಲ್ವಾ, ಟ್ರಾನ್ಸ್‌ಫಾರ್ಮ್ ಸ್ಕಿಪ್ ಮಾಡಿದ ಬ್ಲಾಕ್ ಥರ?

ಬಿಟ್‌ಲೆಕ್ಕ

ಸಿಗತ್ತೆ, ಎಚ್‌ಇವಿಸಿ ನಂತರದ ಸ್ಟ್ಯಾಂಡರ್ಡ್ ವಿವಿಸಿ (ಎಚ್.266) ಅದನ್ನೇ ಬಳಸ್ಕೊಂಡಿದೆ. ವಿವಿಸಿಯ ಟ್ರಾನ್ಸ್‌ಫಾರ್ಮ್ ಸ್ಕಿಪ್ ಕೋಡಿಂಗ್‌ನಲ್ಲಿ ಸೈನ್ ಫ್ಲ್ಯಾಗ್‌ನ ಎಡ ಮತ್ತೆ ಮೇಲಿನ ಪಕ್ಕದವರ ಸೈನ್ ನೋಡಿ ಕಾಂಟೆಕ್ಸ್ಟ್ ಹಾಕಿ ಕೋಡ್ ಮಾಡ್ತಾರೆ. ಸ್ಕ್ರೀನ್ ರೆಕಾರ್ಡಿಂಗ್, ಅಕ್ಷರಗಳಿರೋ ಚಿತ್ರ ಇಂಥದ್ದರಲ್ಲಿ ಇದು ಕೆಲಸಕ್ಕೆ ಬರತ್ತೆ. ಎವಿ1 ಅನ್ನೋ ಇನ್ನೊಂದು ಕೋಡೆಕ್‌ನಲ್ಲೂ ಸಣ್ಣದೊಂದು ಪ್ರಯತ್ನ ಇದೆ, ಉಳಿದ ಸೈನ್‌ಗಳು ಹಾಗೇ ಹೋಗತ್ತೆ ಆದ್ರೆ ಡಿಸಿ (ಬ್ಲಾಕ್‌ನ ಸರಾಸರಿ ಹೇಳೋ ಮೊದಲನೇ) ಕೋಎಫಿಶಿಯಂಟ್‌ನ ಸೈನ್‌ಗೆ ಮಾತ್ರ ಪಕ್ಕದ ಬ್ಲಾಕ್‌ಗಳ ಡಿಸಿ ಸೈನ್ ನೋಡಿ ಕಾಂಟೆಕ್ಸ್ಟ್ ಆರಿಸ್ತಾರೆ. ಬೆಳಕು ಬದಲಾದಾಗ ಅಕ್ಕಪಕ್ಕದ ಬ್ಲಾಕ್‌ಗಳ ಊಹೆ ಒಂದೇ ಕಡೆಗೆ ತಪ್ಪತ್ತಲ್ಲ, ಅದನ್ನ ಹಿಡ್ಕೊಳ್ಳೋದು.

ಆರನೇಸೆಮ್_ಕಾವ್ಯ

ಇನ್ನೊಂದೇ ಒಂದು ಕೇಳ್ತೀನಿ ಬೇಜಾರ್ ಮಾಡ್ಕೋಬೇಡಿ. ವಿಟಿಎಮ್ (ವಿವಿಸಿಯ ರೆಫರೆನ್ಸ್ ಸಾಫ್ಟ್‌ವೇರ್) ಕಾನ್ಫಿಗ್ ಫೈಲ್ ನೋಡಿದೆ, ಅದರಲ್ಲಿ ಸೈನ್‌ಹೈಡ್ 0 ಅಂತ ಇದೆ, ಡೆಪ್‌ಕ್ವಾಂಟ್ 1 ಅಂತ ಇದೆ. ಹೊಸ ಸ್ಟ್ಯಾಂಡರ್ಡ್‌ನಲ್ಲಿ ಇದನ್ನ ಕೈಬಿಟ್ರಾ?

ಬಿಟ್‌ಲೆಕ್ಕ

ಕೈಬಿಟ್ಟಿಲ್ಲ, 2020ರ ಜುಲೈನಲ್ಲಿ ಮುಗಿದ ಎಚ್.266ರಲ್ಲೂ ಇದೆ. ಆದ್ರೆ ಡಿಪೆಂಡೆಂಟ್ ಕ್ವಾಂಟೈಸೇಶನ್ (ಡೆಪ್‌ಕ್ವಾಂಟ್) ಜೊತೆ ಒಂದೇ ಸಲ ಹಾಕಕ್ಕಾಗಲ್ಲ, ಒಂದು ಸ್ಲೈಸ್‌ಗೆ (ಫ್ರೇಮ್ ಅಥವಾ ಅದರ ಒಂದು ಭಾಗ) ಎರಡರಲ್ಲಿ ಒಂದು. ಡೆಪ್‌ಕ್ವಾಂಟ್‌ನಲ್ಲಿ ಎರಡು ಕ್ವಾಂಟೈಸರ್ ಇರತ್ತೆ, ಒಂದರಲ್ಲಿ ಸ್ಟೆಪ್‌ನ ಸಮ ಗುಣಕಗಳು, ಇನ್ನೊಂದರಲ್ಲಿ ಬೆಸ ಗುಣಕಗಳು ಮತ್ತೆ ಸೊನ್ನೆ. ಮುಂದಿನ ಕೋಎಫಿಶಿಯಂಟ್‌ಗೆ ಯಾವುದು ಅನ್ನೋದನ್ನ ನಾಲ್ಕು ಸ್ಟೇಟ್‌ನ ಒಂದು ಯಂತ್ರ ತೀರ್ಮಾನ ಮಾಡತ್ತೆ, ಆ ಯಂತ್ರ ಮುಂದಕ್ಕೆ ಹೋಗೋದು ಈಗಿನ ಲೆವೆಲ್ ಸಮವೋ ಬೆಸವೋ ಅನ್ನೋದರ ಮೇಲೆ. ಅಂದ್ರೆ ಸಮ-ಬೆಸ ಅನ್ನೋ ಒಂದೇ ಸ್ವಾತಂತ್ರ್ಯನ ಎರಡೂ ಕೇಳ್ತಿವೆ. ಎನ್ಕೋಡರ್ ಕೈಲಿ ಟ್ರೆಲ್ಲಿಸ್ (ಆ ಸ್ಟೇಟ್‌ಗಳ ಎಲ್ಲ ದಾರಿಗಳ ಜಾಲ) ಹುಡುಕೋ ಅಷ್ಟು ಶಕ್ತಿ ಇದ್ರೆ ಡೆಪ್‌ಕ್ವಾಂಟ್‌ನಿಂದ ಲಾಭ ಜಾಸ್ತಿ, ಹಾಗಾಗಿ ವಿಟಿಎಮ್‌ನಲ್ಲಿ ಅದು ಆನ್. ವೇಗದ ಎನ್ಕೋಡರ್‌ಗೆ ಸೈನ್ ಹೈಡಿಂಗ್ ಇವತ್ತಿಗೂ ಒಳ್ಳೇ ಆಯ್ಕೆ.

ನನಗೆ ಇದಕ್ಕಿಂತ ಆಸಕ್ತಿ ಇರೋದು ಇದರ ಮುಂದಿನ ಹೆಜ್ಜೆ, ಸೈನ್ ಪ್ರಿಡಿಕ್ಷನ್. ವಿವಿಸಿಗೆ ಸೇರಲಿಲ್ಲ, ಆದ್ರೆ ಅದರ ನಂತರದ ಸಂಶೋಧನೆಗೆ ವಿವಿಸಿ ರೂಪಿಸಿದ ಜೆವಿಇಟಿ ಸಮಿತಿಯವರು ಇಟ್ಕೊಂಡಿರೋ ಇಸಿಎಮ್ ಸಾಫ್ಟ್‌ವೇರ್‌ನಲ್ಲಿ ಇದೆ. ಹರಿದ ಫೋಟೋ ತುಂಡು ಜೋಡಿಸೋವಾಗ ಅಂಚಲ್ಲಿ ಗೆರೆ ಕೂಡತ್ತಾ ಅಂತ ನೋಡ್ತೀವಲ್ಲ, ಹಾಗೆ. ಎಡಕ್ಕೂ ಮೇಲಕ್ಕೂ ಇರೋ ಬ್ಲಾಕ್‌ಗಳು ಆಗಲೇ ಡಿಕೋಡ್ ಆಗಿವೆ. ಈಗಿನ ಬ್ಲಾಕ್‌ನ ಲೆವೆಲ್‌ಗಳೆಲ್ಲ ಗೊತ್ತು, ಸೈನ್ ಮಾತ್ರ ಗೊತ್ತಿಲ್ಲ. ಪ್ಲಸ್ ಹಾಕಿ ನೋಡು, ಮೈನಸ್ ಹಾಕಿ ನೋಡು, ಯಾವುದರಲ್ಲಿ ಅಂಚಿನ ಪಿಕ್ಸೆಲ್‌ಗಳು ಪಕ್ಕದವರ ಜೊತೆ ಸರಾಗವಾಗಿ ಸೇರತ್ತೋ ಅದೇ ಸರಿ ಇರಬಹುದು ಅಂತ ಊಹಿಸು. ಎಂಟು ಸೈನ್ ಊಹಿಸಬೇಕಾದ್ರೆ 256 ಜೋಡಣೆ. ಆಮೇಲೆ ಎನ್ಕೋಡರ್ ಸೈನ್ ಕಳಿಸೋ ಬದಲು "ಊಹೆ ಸರಿ" ಅಥವಾ "ತಪ್ಪು" ಅಂತ ಕಳಿಸತ್ತೆ. ಅದು ಅರ್ಧಕ್ಕರ್ಧ ಅಲ್ಲ, ಹಾಗಾಗಿ ಕಾಂಟೆಕ್ಸ್ಟ್ ಹಾಕಿ ಹಿಂಡಬಹುದು. ಊಹೆ ನೂರಕ್ಕೆ 70 ಸಲ ಸರಿ ಬಂದ್ರೆ ಒಂದು ಸೈನ್‌ಗೆ 0.88 ಬಿಟ್, 80 ಸಲ ಬಂದ್ರೆ 0.72, 90 ಸಲ ಬಂದ್ರೆ 0.47. ದೊಡ್ಡ ಕೋಎಫಿಶಿಯಂಟ್‌ಗಳಲ್ಲಿ ಊಹೆ ಚೆನ್ನಾಗಿ ನಿಲ್ಲತ್ತೆ, ಯಾಕಂದ್ರೆ ಅಲ್ಲಿ ಸೈನ್ ತಪ್ಪಿದ್ರೆ ಅಂಚಲ್ಲಿ ದೊಡ್ಡ ಮೆಟ್ಟಿಲು ಎದ್ದು ಕಾಣತ್ತೆ.

ಹುಬ್ಬಳ್ಳಿ_ಚಿಪ್

ಬಿಟ್‌ಲೆಕ್ಕ ಸರ್, ಇಲ್ಲಿ ನಾ ಒಪ್ಪಂಗಿಲ್ಲ ನೋಡ್ರಿ. ಸೈನ್ ಹೈಡಿಂಗ್ ಒಳಗ ಖರ್ಚು ಎನ್ಕೋಡರಿಂದು ಅಂದ್ವಿ. ಇದರಾಗ ಅದೇ 256 ಲೆಕ್ಕ ಡಿಕೋಡರೂ ಮಾಡಬೇಕು, ಪ್ರತಿ ಬ್ಲಾಕಿಗೂ, ಪ್ರತಿ ಫೋನಿನ್ಯಾಗೂ. ವಿಡಿಯೋ ಒಂದ್ ಸಲ ಎನ್ಕೋಡ್ ಆಗ್ತದ, ಲಕ್ಷಾಂತರ ಮಂದಿ ನೋಡ್ತಾರ. ಬ್ಯಾಟರಿ ಯಾರದು ಖರ್ಚಾಗ್ತದ?

ಅದಕ್ಕಿಂತ ದೊಡ್ಡ ತೊಂದರಿ ಒಂದದ. ಇಂಟ್ರಾ ಬ್ಲಾಕ್ (ಅದೇ ಫ್ರೇಮಿನಿಂದ ಊಹಿಸಿದ್ದು) ಹೆಂಗೂ ಪಕ್ಕದವರಿಗೆ ಕಾಯಲೇಬೇಕು, ಅದು ಬ್ಯಾರೆ ಮಾತು. ಇಂಟರ್ ಬ್ಲಾಕಿನ (ಬ್ಯಾರೆ ಫ್ರೇಮಿನಿಂದ ಊಹಿಸಿದ್ದು) ಇನ್ವರ್ಸ್ ಟ್ರಾನ್ಸ್‌ಫಾರ್ಮ್ ಇಷ್ಟು ದಿನ ಯಾರ ದಾರೀನೂ ಕಾಯ್ತಿದ್ದಿಲ್ಲ, ಲೆವೆಲ್ ಬಂತು, ಟ್ರಾನ್ಸ್‌ಫಾರ್ಮ್ ಹಾಕು, ನಡಿ ಮುಂದ. ಈಗ ಸೈನ್ ಗೊತ್ತಾಗಬೇಕಂದ್ರ ಪಕ್ಕದ ಬ್ಲಾಕ್ ಪೂರಾ ಮುಗೀಬೇಕು, ಅದರ ಪಕ್ಕದ್ದು ಅದಕ್ಕಿಂತ ಮೊದಲ. ಎಲ್ಲಾ ಸಾಲಾಗಿ ನಿಂತು ಬಿಡ್ತಾವ. ಪೈಪ್‌ಲೈನ್ ಡಿಸೈನ್ ಮಾಡೋವರಿಗೆ ಇದು ಭಾಳ ಭಾರ.

ಬಿಟ್‌ಲೆಕ್ಕ

ಪೈಪ್‌ಲೈನ್ ಮಾತು ಪೂರ್ತಿ ಒಪ್ತೀನಿ. 256 ಅನ್ನೋದು ಮಾತ್ರ ಕೇಳೋವಷ್ಟು ಭಯಂಕರ ಅಲ್ಲ ಸರ್. ಟ್ರಾನ್ಸ್‌ಫಾರ್ಮ್ ಲೀನಿಯರ್ ಅಲ್ವಾ, ಒಂದೊಂದು ಕೋಎಫಿಶಿಯಂಟ್ ಅಂಚಿನ ಪಿಕ್ಸೆಲ್‌ಗಳಿಗೆ ಎಷ್ಟು ಕೊಡತ್ತೆ ಅನ್ನೋ ಟೆಂಪ್ಲೇಟ್ ಮೊದಲೇ ಲೆಕ್ಕ ಹಾಕಿ ಇಟ್ಕೋಬಹುದು, ಆಮೇಲೆ ಬರೀ ಕೂಡು ಕಳೆ. ಬ್ಲಾಕ್‌ನ ಒಳಗಿನ ಪಿಕ್ಸೆಲ್ ಮುಟ್ಟೋದೇ ಬೇಡ, ಎಡ ಮತ್ತೆ ಮೇಲಿನ ಅಂಚು ಸಾಕು. ಒಂದು ಜೋಡಣೆಯಿಂದ ಇನ್ನೊಂದಕ್ಕೆ ಒಂದೇ ಸೈನ್ ತಿರುಗೋ ಹಾಗೆ ಕ್ರಮ ಹಾಕ್ಕೊಂಡ್ರೆ ಪ್ರತಿ ಸಲ ಒಂದೇ ಟೆಂಪ್ಲೇಟ್ ಸೇರಿಸೋ ಕೆಲಸ. ಆದ್ರೂ ಒಂದು ಪರ್ಸೆಂಟ್ ಸುತ್ತಮುತ್ತ ಸಿಗೋ ಲಾಭಕ್ಕೆ ಇಷ್ಟು ಕೊಡಬೇಕಾ ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ನನ್ನ ಅಭಿಪ್ರಾಯ ಕೇಳಿದ್ರೆ, ಸ್ಟ್ಯಾಂಡರ್ಡ್ ಬರೆಯೋವಾಗ ಇಂಟ್ರಾಗೆ ಇದನ್ನ ಇಟ್ಟು ಇಂಟರ್‌ಗೆ ಬಿಡೋದು ಅಥವಾ ಊಹಿಸೋ ಸೈನ್‌ಗಳ ಸಂಖ್ಯೆ ಕಡಿಮೆ ಮಾಡೋದು ಸರಿ ಅನ್ಸತ್ತೆ.

ಹುಬ್ಬಳ್ಳಿ_ಚಿಪ್

ಇಂಟ್ರಾಕ್ಕಷ್ಟೇ ಅಂದ್ರ ನಂದೂ ಒಪ್ಪಿಗಿ ಅದ. ಹಂಗಾದ್ರೂ ಸೈನ್ ಇಷ್ಟು ದಿನ ಬೈಪಾಸ್ ಇತ್ತು, ಈಗ ಕಾಂಟೆಕ್ಸ್ಟ್ ಬಿನ್ (ಸಾಧ್ಯತೆ ನೋಡಿ ಕೋಡ್ ಮಾಡೋ ಬಿಟ್) ಆಗ್ತದ, ಅದರ ಹೊರಿ ಎಣಿಸಾಕ ಮರೀಬ್ಯಾಡ್ರಿ.

ತೀರ್ಥಹಳ್ಳಿ_ಟೆಂಟ್

ನಿಮ್ಮಿಬ್ಬರ ಮಾತು ಓದಿ ತುಂಬ ವಿಷಯ ತಿಳೀತು. ನನ್ನ ಮಟ್ಟಿಗೆ ಹೇಳಿ, ಮುಖವರ್ಣಿಕೆಯ ಸಣ್ಣ ಗೆರೆಗಳಿಗೆ ಏನೂ ಆಗಲ್ಲ ತಾನೇ? ಲಾಸ್‌ಲೆಸ್ ಕಾಪಿ ಒಂದು ಮಾಡಿಡೋ ಯೋಚನೆಯೂ ಇದೆ, ಅದರಲ್ಲಿ ಇದು ಬಂದ್ರೆ ಲಾಸ್‌ಲೆಸ್ ಹೇಗಾಗತ್ತೆ?

ಬಿಟ್‌ಲೆಕ್ಕ

ಲಾಸ್‌ಲೆಸ್‌ನಲ್ಲಿ ಬರಲ್ಲ ಸರ್. ಎಚ್‌ಇವಿಸಿಯಲ್ಲಿ ಟ್ರಾನ್ಸ್‌ಕ್ವಾಂಟ್ ಬೈಪಾಸ್ ಆದ (ಟ್ರಾನ್ಸ್‌ಫಾರ್ಮ್, ಕ್ವಾಂಟೈಸೇಶನ್ ಎರಡೂ ಬಿಟ್ಟ) ಬ್ಲಾಕ್‌ಗಳಿಗೆ ಸೈನ್ ಬಚ್ಚಿಡೋದು ಸ್ಟ್ಯಾಂಡರ್ಡ್‌ನಲ್ಲೇ ಇಲ್ಲ, ಯಾಕಂದ್ರೆ ಅಲ್ಲಿ ಒಂದು ಲೆವೆಲ್ 1 ಆಚೀಚೆ ಆದ್ರೂ ಲಾಸ್‌ಲೆಸ್ ಅಲ್ಲ. ಮಾಮೂಲಿ ಎನ್ಕೋಡ್‌ನಲ್ಲಿ ಗೆರೆಗಳಿಗೆ ಆಗೋ ಬದಲಾವಣೆ ಕ್ವಾಂಟೈಸೇಶನ್ ಹೇಗೂ ಮಾಡೋ ರೌಂಡಿಂಗ್‌ನ ಮಟ್ಟದ್ದೇ. ಗೆರೆ ಉಳೀಬೇಕು ಅಂದ್ರೆ ಸಿಆರ್‌ಎಫ್ (ಕ್ವಾಲಿಟಿ ಮಟ್ಟದ ಸಂಖ್ಯೆ, ಕಡಿಮೆ ಆದಷ್ಟು ಒಳ್ಳೇ ಕ್ವಾಲಿಟಿ) ಬೆಲೆ ಸ್ವಲ್ಪ ಇಳಿಸಿ, ಅದು ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ಫರಕ್ ಮಾಡತ್ತೆ.

ಆರನೇಸೆಮ್_ಕಾವ್ಯ

ನಾನು ಮಿನಿ ಪ್ರಾಜೆಕ್ಟ್‌ಗೆ ಇದನ್ನೇ ತಗೋತೀನಿ ಸರ್, ಎಚ್‌ಇವಿಸಿಯ ರೆಫರೆನ್ಸ್ ಸಾಫ್ಟ್‌ವೇರ್ ಎಚ್‌ಎಮ್‌ನಲ್ಲಿ ಸೈನ್‌ಹೈಡ್ ಆನ್ ಆಫ್ ಮಾಡಿ ಅಳೆಯೋದು. ಒಂದು ಕ್ಯುಪಿಯಲ್ಲಿ (ಕ್ವಾಂಟೈಸೇಶನ್ ಸ್ಟೆಪ್ ಎಷ್ಟು ಅಂತ ಹೇಳೋ ಸಂಖ್ಯೆ) ನೋಡಿದ್ರೆ ಸಾಕಾ?

ಬಿಟ್‌ಲೆಕ್ಕ

ಸಾಲಲ್ಲ. 22, 27, 32, 37 ನಾಲ್ಕೂ ಓಡಿಸಿ, ಜೆಸಿಟಿ-ವಿಸಿಯವರ ಟೆಸ್ಟ್ ಕಂಡಿಶನ್ ಅದೇ, ನಾಲ್ಕು ಬಿಂದುಗಳಿಂದ ಬಿಡಿ-ರೇಟ್ (ಒಂದೇ ಕ್ವಾಲಿಟಿಗೆ ಬಿಟ್‌ರೇಟ್ ಎಷ್ಟು ಪರ್ಸೆಂಟ್ ಬದಲಾಯ್ತು ಅನ್ನೋದು) ಲೆಕ್ಕ ಹಾಕಿ. ಆಫ್ ಮಾಡಿದಾಗ ಬಿಟ್ ಜಾಸ್ತಿ ಆಗತ್ತೆ ಆದ್ರೆ ಪಿಎಸ್‌ಎನ್‌ಆರ್ (ಕ್ವಾಲಿಟಿಯ ಅಳತೆ) ಕೂಡ ಚೂರು ಮೇಲೆ ಹೋಗತ್ತೆ, ಹಾಗಾಗಿ ಬರೀ ಫೈಲ್ ಸೈಜ್ ಹೋಲಿಸಬೇಡಿ. ಆರ್‌ಡಿಒಕ್ಯು ಆನ್ ಇಟ್ಟು ಒಂದು ಸುತ್ತು, ಆಫ್ ಇಟ್ಟು ಒಂದು ಸುತ್ತು. ಆಮೇಲೆ ಪ್ರತಿ ಕ್ಯುಪಿಯಲ್ಲಿ ಎಷ್ಟು ಗುಂಪುಗಳು ಆ ದೂರದ ಷರತ್ತು ದಾಟ್ತವೆ ಅಂತ ಎಣಿಸೋ ಒಂದು ಕೌಂಟರ್ ಕೋಡ್‌ಗೆ ಸೇರಿಸಿ, ಕ್ಯುಪಿ 37ರಲ್ಲಿ ಲೆವೆಲ್‌ಗಳು ಬಹಳಷ್ಟು ಸೊನ್ನೆ ಆಗಿರ್ತವೆ, ಬಚ್ಚಿಡೋ ಜಾಗವೇ ಕಡಿಮೆ, 22ರಲ್ಲಿ ಬೇಕಾದಷ್ಟು. ಆ ಕೌಂಟರ್‌ನ ಸಂಖ್ಯೆ ಪಕ್ಕದಲ್ಲಿ ಇಟ್ರೆ ಲಾಭ ಎಲ್ಲಿಂದ ಬರ್ತಿದೆ ಅಂತ ನಿಮ್ಮ ಗೈಡ್‌ಗೂ ತೋರಿಸಬಹುದು. ರಿಸಲ್ಟ್ ಬಂದ ಮೇಲೆ ಇಲ್ಲೇ ಹಾಕಿ, ನೋಡೋಣ.

ಹುಬ್ಬಳ್ಳಿ_ಚಿಪ್

ಕಾವ್ಯಾ, ಒಂದು ಸಿಕ್ವೆನ್ಸ್ ಸ್ಕ್ರೀನ್ ಕಂಟೆಂಟಿಂದು ಸೇರಿಸ್ಕೋವಾ. ಟ್ರಾನ್ಸ್‌ಫಾರ್ಮ್ ಸ್ಕಿಪ್ ಆದ ಬ್ಲಾಕ್ ಒಳಗ ನಂಬರ್ ಬ್ಯಾರೆ ಥರ ಬರ್ತಾವ.